ದವಡೆಯ ಸಿಸ್ಟ್: ಟ್ಯೂಬ್ ಇಟ್ಟು ಕುಗ್ಗಿಸೋದಾ, ಒಂದೇ ಸಲ ತೆಗೆಸೋದಾ?

ಮಗಳ ಅಪ್ಪ: ಮಗಳಿಗೆ 12 ವರ್ಷ. ಕೆಳದವಡೆಯಲ್ಲಿ ಇನ್ನೂ ಮೇಲೆ ಬಾರದ ಹಲ್ಲಿನ ಸುತ್ತ ಸಿಸ್ಟ್, ಅಂದ್ರೆ ದ್ರವ ತುಂಬಿದ ಚೀಲ, ಆಗಿದೆ. ಡೆಂಟಿಜೆರಸ್ ಅನ್ನೋ ಬಗೆ ಇರಬಹುದು ಅಂದ್ರು. ಒಬ್ಬ ಡಾಕ್ಟ್ರು ಹಲ್ಲು ಸಮೇತ ತೆಗೆದುಬಿಡೋಣ ಅಂತಾರೆ. ಇನ್ನೊಬ್ಬರು ಸಣ್ಣ ಕಿಂಡಿ ಮಾಡಿ ಟ್ಯೂಬ್ ಇಡೋಣ, ತಿಂಗಳುಗಟ್ಟಲೆ ತೊಳೀಬೇಕು ಅಂತಾರೆ. ರಾತ್ರಿ ನಿದ್ದೆ ಬರ್ತಿಲ್ಲ.

ಮಲೆನಾಡಿಗ: ಒಂದೇ ಸಲ ತೆಗೆಸಿ. ನನ್ನ ತಮ್ಮನಿಗೆ ಟ್ಯೂಬ್ ಇಟ್ಟಿದ್ರು. ಮೂರನೇ ವಾರ ಅದು ಕಿತ್ತುಬಂತು, ಕಿಂಡಿ ಮುಚ್ಚಿಕೊಂಡಿತು. ಕೊನೆಗೂ ಆಪರೇಷನ್ ತಪ್ಪಲಿಲ್ಲ.

ದವಡೆ ಸರ್ಜನ್: ಮಕ್ಕಳ ವಿಷಯದಲ್ಲಿ ಅವಸರ ಬೇಡ. ಸಿಸ್ಟ್ ಹಿಗ್ಗೋದರಲ್ಲಿ ಒಳಗಿನ ದ್ರವದ ಒತ್ತಡದ ಪಾಲು ದೊಡ್ಡದು. ಕಿಂಡಿ ತೆರೆದಿಟ್ಟರೆ ಒತ್ತಡ ಇಳಿಯುತ್ತೆ, ಅಂಚಿನಿಂದ ಮೂಳೆ ತುಂಬ್ತಾ ಬರುತ್ತೆ. ಹಲ್ಲಿನ ಬೇರು ಇನ್ನೂ ಬೆಳೀತಿದ್ದು, ಜಾಗವೂ ಇದ್ದರೆ ಅದು ತಾನಾಗಿ ಮೇಲೇರೋದನ್ನ ಎಷ್ಟೋ ಸಲ ನೋಡಿದೀನಿ. ಸಿಸ್ಟನ್ನು ಬಾಯಿಗೆ ತೆರೆದಿಡೋ ವಿಧಾನವನ್ನ ಜರ್ಮನಿಯ ಕಾರ್ಲ್ ಪಾರ್ಟ್ಶ್ 1892ರಲ್ಲೇ ವಿವರಿಸಿದ್ರು.

ಮಲೆನಾಡಿಗ: ಆದ್ರೆ ಒಳಪೊರೆ ಅಲ್ಲೇ ಉಳಿಯುತ್ತಲ್ಲ ಸಾರ್? ಅದರಲ್ಲಿ ಬೇರೇನಾದ್ರೂ ಅಡಗಿದ್ರೆ?

ದವಡೆ ಸರ್ಜನ್: ಅದಕ್ಕೇ ಕಿಂಡಿ ಮಾಡುವಾಗ ತೆಗೆದ ತುಂಡು ಬಯಾಪ್ಸಿಗೆ ಹೋಗಲೇಬೇಕು. ಅಮೆಲೊಬ್ಲಾಸ್ಟೋಮಾ ಗಡ್ಡೆಯೂ ಎಕ್ಸ್‌ರೇಯಲ್ಲಿ ಹೀಗೇ ಕಾಣಬಹುದು. ಕೆರಟೋಸಿಸ್ಟ್ ಅಂತ ಬಂದ್ರೆ ಲೆಕ್ಕಾಚಾರವೇ ಬೇರೆ, ಅದು ಮರುಕಳಿಸೋ ಜಾತಿ. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಅದನ್ನ ಗಡ್ಡೆಗಳ ಪಟ್ಟಿಗೆ ಹಾಕಿ, 2017ರಲ್ಲಿ ಮತ್ತೆ ಸಿಸ್ಟ್ ಅಂತ ಕರೀತು. ಅದು ಕುಗ್ಗಿದ ಮೇಲೂ ಉಳಿದದ್ದನ್ನ ತೆಗೆದು, ವರ್ಷಗಟ್ಟಲೆ ಎಕ್ಸ್‌ರೇ ನೋಡ್ತಿರಬೇಕು.

ಹಳೇ ಪೇಷೆಂಟ್: ನನ್ನದು ಕೆರಟೋಸಿಸ್ಟೇ, ಕೆಳತುಟಿಗೆ ಹೋಗೋ ನರಕ್ಕೆ ತಾಗಿಕೊಂಡಿತ್ತು. ದಿನಕ್ಕೆ ಎರಡು ಸಲ ಸಿರಿಂಜಲ್ಲಿ ಸಲೈನ್ ಬಿಟ್ಟು ತೊಳೀತಿದ್ದೆ. ಮೊದಮೊದಲು ಅನ್ನದಗುಳು, ಗಬ್ಬು ವಾಸನೆಯ ನೀರು ಹೊರಗೆ ಬರ್ತಿತ್ತು. ಅಳು ಬಂದ ದಿನಗಳೂ ಇವೆ. ಆಮೇಲೆ ಗುಳಿ ಆಳ ಕಮ್ಮಿ ಆಯ್ತು ಅಂತ ಡಾಕ್ಟ್ರು ಟ್ಯೂಬನ್ನ ಕತ್ತರಿಸಿ ಗಿಡ್ಡ ಮಾಡಿದ್ರು. ಆವತ್ತು ನಂಬಿಕೆ ಬಂತು. ಹತ್ತು ತಿಂಗಳಾದ ಮೇಲೆ ಉಳಿದದ್ದನ್ನ ತೆಗೆದ್ರು. ತುಟಿಗೆ ಜೋಮು ಹಿಡಿಯಲಿಲ್ಲ.

ಮಲೆನಾಡಿಗ: ತಮ್ಮ ಹಾಸ್ಟೆಲಲ್ಲಿದ್ದ. ತೊಳೆದನೋ ಬಿಟ್ಟನೋ ಕೇಳೋರಿರಲಿಲ್ಲ, ಟ್ಯೂಬ್ ಬಿದ್ದು ನಾಲ್ಕು ದಿನ ಆದ್ಮೇಲೆ ಫೋನ್ ಮಾಡಿದ. ಅಪ್ಪಾಜಿ, ಟ್ಯೂಬೇ ಇಡಿಸೋದಾದ್ರೆ ಯಾರು ತೊಳೀತಾರೆ ಅನ್ನೋದನ್ನ ಮೊದಲು ತೀರ್ಮಾನ ಮಾಡಿ.

ದವಡೆ ಸರ್ಜನ್: ಹೌದು. ಟ್ಯೂಬ್ ಬಿದ್ರೆ ಅವತ್ತೇ ಬನ್ನಿ, ಕಿಂಡಿ ಬೇಗ ಮುಚ್ಚಿಕೊಳ್ಳುತ್ತೆ. ಆಸ್ಪತ್ರೆ ದೂರ, ಪದೇ ಪದೇ ಬರೋಕಾಗಲ್ಲ ಅನ್ನೋರಿಗೆ ನಾನೂ ಒಂದೇ ಸಲ ತೆಗೆಯೋದನ್ನೇ ಹೇಳ್ತೀನಿ.

ಮಗಳ ಅಪ್ಪ: ಮಗಳು ಮನೇಲೇ ಇರ್ತಾಳೆ. ಬೆಳಗ್ಗೆ ನಾನು ತೊಳೀತೀನಿ, ರಾತ್ರಿ ಅವಳಮ್ಮ. ಸೋಮವಾರ ಹೋಗಿ ಬಯಾಪ್ಸಿ ವಿಷಯ ಮಾತಾಡ್ತೀನಿ.