ಅಪ್‌ಡೇಟ್: ಓದದ ಇ-ಪುಸ್ತಕಗಳ ರಾಶಿ ಈಗ ಏನಾಯ್ತು

ಆಫರ್ ಕಂಡಾಗಲೆಲ್ಲ ಇ-ಪುಸ್ತಕ ಕೊಳ್ಳುತ್ತೇನೆ, ಓದದೇ ಉಳಿದಿದ್ದು ನೂರು ದಾಟಿದೆ, ಖರ್ಚು ಹೇಗೆ ಕಡಿಮೆ ಮಾಡಲಿ ಅಂತ ಬೇಸಿಗೆಯಲ್ಲಿ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ಜಾಸ್ತಿ ಕೆಲಸಕ್ಕೆ ಬಂದಿದ್ದು 'ಮೊದಲು ಸ್ಯಾಂಪಲ್ ಇಳಿಸಿಕೊಳ್ಳಿ' ಅಂದ ಅಕ್ಕನ ಸಲಹೆ. ಬಳ್ಳಾರಿಯಿಂದ ತೋರಣಗಲ್ಲಿಗೆ ಡ್ಯೂಟಿಗೆ ಹೋಗುವಾಗ ಬಸ್ಸಿನಲ್ಲೇ ಸ್ಯಾಂಪಲ್ ತೆಗೆಯುತ್ತೇನೆ. ಕುಡತಿನಿ ಬರುವಷ್ಟರಲ್ಲಿ ನಿದ್ದೆ ಹತ್ತಿದರೆ ಆ ಪುಸ್ತಕ ಡಿಲೀಟ್. ಮುಂದೇನು ಅನ್ನಿಸಿದರೆ ಮಾತ್ರ ವಿಶ್‌ಲಿಸ್ಟ್‌ಗೆ. ಅಲ್ಲಿ ಸೇರಿದ್ದರಲ್ಲೂ ಅರ್ಧಕ್ಕರ್ಧ ತಿಂಗಳು ಕಳೆದರೆ ನೆನಪೇ ಇರುವುದಿಲ್ಲ!

ತಿಂಗಳಿಗಿಷ್ಟು ಅಂತ ಕಟ್ಟಿ ಇ-ಪುಸ್ತಕ ಎರವಲು ತಗೊಳ್ಳುವ ಕಿಂಡಲ್ ಅನ್‌ಲಿಮಿಟೆಡ್ ಚಂದಾ ನಿಲ್ಲಿಸಿದೆ. ಚಂದಾ ನಿಂತರೆ ಅದರಲ್ಲಿ ತೆಗೆದ ಪುಸ್ತಕವೂ ಹೋಗುತ್ತದೆ. ನನ್ನಂಥ ನಿಧಾನದ ಓದುಗನಿಗೆ ಅದು ದಂಡ.

ಹಳೇ ಪುಸ್ತಕಗಳಿಗೆ ದುಡ್ಡು ಕೊಡುವುದನ್ನೂ ಬಿಟ್ಟೆ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡು 60 ವರ್ಷ ಕಳೆದರೆ ಕಾಪಿರೈಟ್ ಮುಗಿಯುತ್ತದೆ. ವಚನಗಳು ವಿಕಿಸೋರ್ಸ್ ಅನ್ನೋ ಪುಕ್ಕಟೆ ಓದುವ ತಾಣದಲ್ಲೇ ಇವೆ. ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಡಿಜಿಟಲ್ ಲೈಬ್ರರಿಗೂ ಹೆಸರು ಕೊಟ್ಟೆ, ಅದೂ ಪುಕ್ಕಟೆ. ಒಂದೇ ತೊಂದರೆ, ಸ್ಕ್ಯಾನ್ ಮಾಡಿದ ಪಿಡಿಎಫ್ ನನ್ನ ಕಿಂಡಲ್‌ನ ಸಣ್ಣ ಪರದೆಯಲ್ಲಿ ಇರುವೆ ಸಾಲಿನಂತೆ ಕಾಣುತ್ತದೆ. ದೊಡ್ಡದು ಮಾಡಿದರೆ ಅರ್ಧ ಸಾಲು ಹೊರಗೆ. ಅದಕ್ಕೇ ಅವನ್ನು ಮಗಳ ಟ್ಯಾಬ್‌ನಲ್ಲಿ ಓದುತ್ತೇನೆ, ಅವಳು ಬಿಟ್ಟುಕೊಟ್ಟಾಗ.

ಈಗ ದುಡ್ಡು ಹೋಗುವುದು ಹೊಸ ಕನ್ನಡ ಪುಸ್ತಕಗಳಿಗೆ ಮಾತ್ರ. ಈಗ ಬರೆಯುತ್ತಿರುವವರಿಗೂ ನಾಲ್ಕು ಕಾಸು ಸಿಗಬೇಕು ಅಲ್ವಾ?

'ಎರಡು ಓದಿದರೆ ಒಂದು ಕೊಳ್ಳಿ' ಅನ್ನೋ ನಿಯಮ ಮಾತ್ರ ನನಗೆ ಒಗ್ಗಲಿಲ್ಲ. ಲೆಕ್ಕ ತುಂಬಿಸೋಕೆ ಸುಮ್ನೆ ತೆಳ್ಳನೆಯ ಪುಸ್ತಕ ಹುಡುಕುವ ಬುದ್ಧಿ ಬಂತು.