ಸದ್ದು, ಬೆಳಕು ತಡೆಯಲಾಗದ ಮಕ್ಕಳಿಗೂ ಹೊಂದುವ ಥೀಮ್ ಪಾರ್ಕ್ ಹೇಗಿರಬೇಕು?

ಪ್ರಶ್ನೆ:
ನನ್ನ ಮಗನಿಗೆ ಏಳು ವರ್ಷ, ಆಟಿಸಂ ಇದೆ. ಥೀಮ್ ಪಾರ್ಕ್ ಅಂದ್ರೆ ತುಂಬಾ ಆಸೆ, ಆದರೆ ಸ್ಪೀಕರ್ ಸದ್ದು, ಮಿನುಗುವ ಲೈಟು, ಉದ್ದದ ಕ್ಯೂ ಎಲ್ಲಾ ಸೇರಿದರೆ ಅರ್ಧ ಗಂಟೆಯಲ್ಲೇ ಕಿವಿ ಮುಚ್ಚಿಕೊಂಡು ನೆಲಕ್ಕೆ ಕೂತುಬಿಡುತ್ತಾನೆ. ಅಕ್ಕನ ಆಟವೂ ಅಲ್ಲಿಗೇ ನಿಲ್ಲುತ್ತದೆ. ಇಬ್ಬರಿಗೂ ಹೊಂದುವ ಜಾಗ ಕಟ್ಟುವವರು ಏನು ಯೋಚಿಸಬೇಕು?

ಉತ್ತರ 1:
ಮೊದಲು ಶಾಂತ ಕೋಣೆ. ಮೂಲೆಯಲ್ಲೆಲ್ಲೋ ಒಂದು ಕಟ್ಟಿದರೆ ಸಾಲದು, ಗದ್ದಲದ ಪ್ರತಿ ರೈಡ್‌ಗೂ ಹತ್ತಿರ ಇರಬೇಕು, ಮಗು ಕುಸಿದಾಗ ಇಡೀ ಪಾರ್ಕ್ ದಾಟಿ ಎತ್ತಿಕೊಂಡು ಓಡೋಕಾಗಲ್ಲ ಅಲ್ವಾ. ಬೆಳಕು ಕಡಿಮೆ ಮಾಡುವ ಸ್ವಿಚ್ ನಮ್ಮ ಕೈಗೇ ಸಿಗಲಿ. ಕೈ ಒಣಗಿಸುವ ಮೆಷಿನ್ ಸದ್ದಿಗೇ ಎಷ್ಟೋ ಮಕ್ಕಳು ಟಾಯ್ಲೆಟ್‌ಗೆ ಹೋಗಲ್ಲ, ಅಲ್ಲಿ ಪೇಪರ್ ಇಡಿ.

ಉತ್ತರ 2:
ಅಮೆರಿಕದ ಸೆಸಮಿ ಪ್ಲೇಸ್ ನೋಡಿ. 2018ರಲ್ಲಿ ಆಟಿಸಂ ಸೆಂಟರ್ ಎಂಬ ಪ್ರಮಾಣಪತ್ರ ಪಡೆದ ಮೊದಲ ಥೀಮ್ ಪಾರ್ಕ್ ಅದು. ಪ್ರತಿ ರೈಡ್‌ನಲ್ಲಿ ಸದ್ದು, ಸ್ಪರ್ಶ, ವಾಸನೆ ಎಷ್ಟು ಜಾಸ್ತಿ ಎಂದು ಅಂಕ ಕೊಟ್ಟು ಮೊದಲೇ ತಿಳಿಸುತ್ತಾರೆ. ಮುಂದೇನು ಅಂತ ಗೊತ್ತಿದ್ದರೆ ಅರ್ಧ ಭಯ ಹೋಗುತ್ತದೆ.

ಉತ್ತರ 3:
ಒಂದು ಮಾತು. ಬೇಲಿ ಹಾಕಿ ಬೇರೆ ಜಾಗ ಮಾಡಬೇಡಿ, ದಯವಿಟ್ಟು. 2010ರಲ್ಲಿ ಟೆಕ್ಸಾಸ್‌ನಲ್ಲಿ ಶುರುವಾದ ಮಾರ್ಗನ್ಸ್ ವಂಡರ್‌ಲ್ಯಾಂಡ್‌ನಲ್ಲಿ ವೀಲ್‌ಚೇರ್ ಸಮೇತ ಹತ್ತುವ ರೈಡ್‌ಗಳಿವೆ, ಎಲ್ಲರೂ ಒಟ್ಟಿಗೇ ಆಡುತ್ತಾರೆ. ನಿಮ್ಮ ಮಗಳಿಗೂ ಬೇಕಾಗಿರೋದು ಅದೇ.