ಅಜ್ಜಿ ಜೊತೆ ನೋಡೋಕೆ ಹಳೇ ಸಿನಿಮಾ, ಸೀರಿಯಲ್ ಹೇಳಿ

ಪ್ರಶ್ನೆ (ಬಾಗಲಕೋಟೆಯಿಂದ): ಅಜ್ಜಿಗೆ ಕಣ್ಣಿನ ಪೊರೆ ಆಪರೇಷನ್ ಆಗಿ ತಿಂಗಳಾಯಿತು. ಈಗ ಟಿವಿ ನೋಡಬಹುದಂತೆ. ಈಗಿನ ಸೀರಿಯಲ್ ಹಾಕಿದರೆ "ಇಂಥಾ ಜಗಳ ನಮ್ಮನಿಯಾಗೂ ಐತಿ, ತಗಿ ಅದನ್ನ" ಅನ್ನುತ್ತಾರೆ. ಸಂತೆಯಿಂದ ಒಂದು ಹಳೇ ಡಿವಿಡಿ ತಂದೆ, ಅದು ಇಂಟರ್ವಲ್‌ಗೇ ನಿಂತುಬಿಟ್ಟಿತು. ಮುಂದೇನಾಯಿತು ಅಂತ ಅಜ್ಜಿ ದಿನಾ ಕೇಳುತ್ತಿದ್ದಾರೆ.

ಉತ್ತರ (ವಿಜಯಪುರ): ಕಸ್ತೂರಿ ನಿವಾಸ, ಮತ್ತೇನು! 1971ರದ್ದು. 2014ರಲ್ಲಿ ಬಣ್ಣ ಹಾಕಿ ಮತ್ತೆ ಬಿಡುಗಡೆ ಮಾಡಿದ್ದರು. ಆದರೆ ಕಪ್ಪು ಬಿಳುಪಿನದ್ದೇ ನೋಡಿ, ರಾಜ್‌ಕುಮಾರ್ ಮುಖದ ಮೇಲಿನ ಆ ನೆರಳು ಬಣ್ಣದಲ್ಲಿ ಸಿಗುವುದಿಲ್ಲ.

ಉತ್ತರ (ಬೆಳಗಾವಿ): ಅಣ್ಣಾ, ಆಪರೇಷನ್ ಆದ ಕಣ್ಣು, ಅದಕ್ಕೆ ಕಸ್ತೂರಿ ನಿವಾಸ ಹಾಕಿ ಅಳಿಸುತ್ತೀರಾ? ಮಾಲ್ಗುಡಿ ಡೇಸ್ ಹಾಕಿ. ಶಂಕರ್ ನಾಗ್ ಆಗುಂಬೆಯಲ್ಲಿ ತೆಗೆದಿದ್ದು, ಎಂಬತ್ತರ ದಶಕದಲ್ಲಿ ದೂರದರ್ಶನದಲ್ಲಿ ಬರುತ್ತಿತ್ತು. ಚಿಕ್ಕ ಚಿಕ್ಕ ಕಂತು, ರೊಟ್ಟಿ ಬಡಿಯುವುದರೊಳಗೆ ಒಂದು ಮುಗಿಯುತ್ತದೆ. ಹಿಂದಿ ಬರದಿದ್ದರೂ ಆ ಓಣಿ, ಆ ಜಗುಲಿ ನೋಡಿದರೆ ಸಾಕು, ಅಜ್ಜಿಗೆ ಅರ್ಥ ಆಗುತ್ತದೆ.

ಉತ್ತರ (ಬಾದಾಮಿ ಹತ್ತಿರದವನು): ರಾಜರ ಕಥೆ ಬೇಕಿದ್ದರೆ 1967ರ ಇಮ್ಮಡಿ ಪುಲಿಕೇಶಿ. ನಮ್ಮೂರ ರಾಜ, ಅಲ್ವಾ! ಕದಂಬರ ಕಥೆ ಆದರೂ ಪರವಾಗಿಲ್ಲ ಅಂದರೆ 1975ರ ಮಯೂರ, ಅದು ಬಣ್ಣದ್ದು. ಹಾಡೂ ಚೆನ್ನಾಗಿವೆ.

ಪ್ರಶ್ನೆ ಕೇಳಿದವನು: ಮಯೂರ ಹಾಕಿದೆ. ಅಜ್ಜಿ ಶೇಂಗಾ ಸುಲಿಯುವುದನ್ನೇ ಬಿಟ್ಟು ಕೂತಿದ್ದಾರೆ. ಆದರೂ ನಡುವೆ ಒಮ್ಮೆ ಕೇಳಿದರು, "ಆ ಡಿವಿಡಿದಾಗ ಮುಂದೇನಾತೋ?"